ಕ್ಯಾಬಿನೆಟ್ ಸಾ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಫಿಲ್ಲರ್ ಗೇಜ್ ಇರಲಿ

ಎರಡು ವರ್ಷದ ಹಿಂದೆ ಕ್ಯಾಬಿನೆಟ್ ಸಾ, ಅಂದರೆ ಕೆಳಗೆ ಮುಚ್ಚಿದ ಪೆಟ್ಟಿಗೆ ಇರುವ ಮರ ಕೊಯ್ಯುವ ಮೇಜಿನ ಗರಗಸ, ನೋಡಲು ಬೆಂಗಳೂರಿನ ಪೀಣ್ಯದ ಒಂದು ಮೆಷಿನ್ ಅಂಗಡಿಗೆ ನಮ್ಮ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟೂಲ್‌ರೂಮ್ ಕೆಲಸ ಮಾಡಿ ರಿಟೈರ್ ಆದವರು. ಸೇಲ್ಸ್ ಹುಡುಗ ಬಿಳಿ ಬಣ್ಣದ ಮೆಷಿನ್ ಪಕ್ಕ ನಿಂತು ಎಚ್‌ಪಿ, ವಾರಂಟಿ, ತೈವಾನ್ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಮಾವ ಒಂದು ಮಾತೂ ಆಡಲಿಲ್ಲ. ಮೊಣಕಾಲೂರಿ ಕೂತರು, ಕೆಳಗಿನ ಬಾಗಿಲು ತೆಗೆದರು, ಮೊಬೈಲ್ ಟಾರ್ಚ್ ಹಾಕಿ ತಲೆಯನ್ನೇ ಒಳಗೆ ತೂರಿಸಿದರು. ಎರಡು ನಿಮಿಷ ಆದಮೇಲೆ ಹೊರಗೆ ಬಂದು, "ಇದರ ಹೊಟ್ಟೆಯೆಲ್ಲ ಟೇಬಲ್‌ಗೆ ನೇತಾಡ್ತಾ ಇದೆಯಲ್ಲಪ್ಪ, ಇದು ಕ್ಯಾಬಿನೆಟ್ ಸಾ ಹೇಗಾಯ್ತು?" ಅಂದರು. ಹುಡುಗ ಮ್ಯಾನೇಜರ್‌ನ ಕರೆಯಲು ಹೋದ.

ಆ ದಿನ ನಾವು ಮೆಷಿನ್ ತರಲಿಲ್ಲ. ಆದರೆ ಮೆಷಿನ್ ನೋಡುವುದು ಹೇಗೆ ಅಂತ ನನಗೆ ಆಗ ಗೊತ್ತಾಯಿತು. ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಎಚ್‌ಪಿ, ಯಾವ ದೇಶದ್ದು. ಮಾವ ಕೇಳುವುದು ಬೇರೆಯೇ. ಈ ಬೆಲೆಗೆ ಬರುವ ಯಾವ ಮೆಷಿನ್‌ನಲ್ಲೂ ತಪ್ಪು ಇದ್ದೇ ಇರುತ್ತದೆ. ಆ ತಪ್ಪನ್ನು ನಾನು ಸ್ಪ್ಯಾನರ್ ಹಿಡಿದು ಸರಿಮಾಡಬಹುದಾ, ಇಲ್ಲವಾ? ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ.

ಮೊದಲು, ನಿಮಗೆ ಇದು ಬೇಕಾ?

ನೇರವಾಗಿ ಹೇಳುತ್ತೇನೆ. ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಪ್ಲೈವುಡ್, ಲ್ಯಾಮಿನೇಟ್, ಮಾಡ್ಯುಲರ್ ಕಿಚನ್ ಆಗಿದ್ದರೆ ಕ್ಯಾಬಿನೆಟ್ ಸಾ ಬೇಡ, ಸ್ಲೈಡಿಂಗ್ ಪ್ಯಾನೆಲ್ ಸಾ (ಶೀಟನ್ನು ಹೊತ್ತು ಜಾರುವ ಟೇಬಲ್ ಇರುವ ಸಾ) ನೋಡಿ. 8x4 ಶೀಟನ್ನು ಒಬ್ಬರೇ ತಳ್ಳಿಕೊಂಡು ಕ್ಯಾಬಿನೆಟ್ ಸಾ ಮೇಲೆ ನೇರವಾಗಿ ಕೊಯ್ಯುವುದು ಸೊಂಟಕ್ಕೂ ಕೆಟ್ಟದ್ದು, ಬೆರಳಿಗೂ ಕೆಟ್ಟದ್ದು. ಪ್ಯಾನೆಲ್ ಸಾದಲ್ಲಿ ದೊಡ್ಡ ಬ್ಲೇಡ್‌ಗಿಂತ ಮುಂದೆ ಒಂದು ಸಣ್ಣ ಸ್ಕೋರಿಂಗ್ ಬ್ಲೇಡ್ ಇರುತ್ತದೆ. ಅದು ಲ್ಯಾಮಿನೇಟನ್ನು ಕೆಳಗಿನಿಂದ ಮೊದಲೇ ಗೀರಿ ಬಿಡುವುದರಿಂದ ಅಂಚು ಕಿತ್ತು ಬರುವುದಿಲ್ಲ. ಕ್ಯಾಬಿನೆಟ್ ಸಾದಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಇವೆರಡೂ ಬೇರೆ ಬೇರೆ ಮನೆತನದ ಮೆಷಿನ್‌ಗಳು. ಸ್ಲೈಡಿಂಗ್ ಟೇಬಲ್ ಇರುವ ಸಾ 1906ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ ಮಾಡಿದ್ದು. ಈಗ ನಾವು ಕ್ಯಾಬಿನೆಟ್ ಸಾ ಅನ್ನುವ ರೂಪಕ್ಕೆ ದಾರಿ ಹಾಕಿದ್ದು 1939ರಲ್ಲಿ ಅಮೆರಿಕದ ಡೆಲ್ಟಾ ಕಂಪನಿ ತಂದ ಯುನಿಸಾ. ಮುಚ್ಚಿದ ಪೆಟ್ಟಿಗೆ, ಒಳಗೆ ಮೋಟಾರ್, ಮೇಲೆ ಬೀಡು ಕಬ್ಬಿಣದ (ಕಾಸ್ಟ್ ಐರನ್) ಟೇಬಲ್, 10 ಇಂಚಿನ ಓರೆಯಾಗುವ ಬ್ಲೇಡ್. ಇವತ್ತಿಗೂ ರೂಪ ಹೆಚ್ಚು ಬದಲಾಗಿಲ್ಲ.

ತೇಗ, ಹೊನ್ನೆ, ಹಲಸು, ಸಿಲ್ವರ್ ಓಕ್ ತರಹದ ಗಟ್ಟಿ ಮರ ಸೀಳಿ ಕುರ್ಚಿ, ಮೇಜು, ಬಾಗಿಲು ಮಾಡುವವರಿಗೆ ಕ್ಯಾಬಿನೆಟ್ ಸಾ ಹೇಳಿ ಮಾಡಿಸಿದ್ದು. 10 ಇಂಚಿನ ಬ್ಲೇಡ್ ನೇರ ನಿಂತಾಗ ಸುಮಾರು 80 ಮಿ.ಮೀ. ದಪ್ಪ ಕೊಯ್ಯುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಿಂದ ಬರುವ ಮಾಮೂಲಿ ಹಲಗೆಗಳಿಗೆ ಇದು ಧಾರಾಳ.

ಜಾಗ ಅಳೆಯಿರಿ. ಮೆಷಿನ್ ಎಷ್ಟು ಅಗಲ ಅಂತ ಅಲ್ಲ, ಮರ ಎಷ್ಟು ಉದ್ದ ಅಂತ. 8 ಅಡಿ ಹಲಗೆ ಸೀಳಲು ಮುಂದೆ 8 ಅಡಿ, ಹಿಂದೆ 8 ಅಡಿ, ಮಧ್ಯೆ ಮೆಷಿನ್: ಹತ್ತಿರ ಹತ್ತಿರ 20 ಅಡಿ ಆಯಿತು. 30x40 ಸೈಟಿನ ನೆಲಮಹಡಿಯಲ್ಲಿ ಕಾರ್ಖಾನೆ ಇಟ್ಟುಕೊಂಡವರು ಮೆಷಿನ್‌ನ ಬಾಯಿ ಬಾಗಿಲಿನ ಕಡೆ ತಿರುಗಿಸಿ ಇಡುವುದು ಇದಕ್ಕೇ. ಕೊನೆಯ ನಾಲ್ಕು ಅಡಿ ಮರ ರಸ್ತೆಗೆ ಇಣುಕುತ್ತದೆ, ಪಕ್ಕದ ಮನೆಯವರು ಸ್ಕೂಟರ್ ತೆಗೆಯುವ ತನಕ ನಾವು ಕಾಯುತ್ತೇವೆ.

ಕರೆಂಟ್ ವಿಷಯ ಅಂಗಡಿಗೆ ಹೋಗುವ ಮುಂಚೆಯೇ ಮುಗಿಸಿ

3 ಎಚ್‌ಪಿ ಅಂದರೆ 2.2 ಕಿಲೋವ್ಯಾಟ್. ಸಿಂಗಲ್ ಫೇಸ್ 230 ವೋಲ್ಟ್‌ನಲ್ಲಿ ಇದು ಪೂರ್ತಿ ಲೋಡಿಗೆ 13ರಿಂದ 15 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಮನೆಯ ಗೀಸರ್ ಪಾಯಿಂಟಿಗೆ ಚುಚ್ಚಿ ಓಡಿಸುವ ವಸ್ತು ಇದಲ್ಲ. ಬೇರೆಯದೇ ಲೈನ್, 4 ಚದರ ಮಿ.ಮೀ. ತಾಮ್ರದ ವೈರ್, ಸರಿಯಾದ ಎಂಸಿಬಿ, ನಿಜವಾದ ಅರ್ಥಿಂಗ್ ಬೇಕು. ಬೆಸ್ಕಾಂ ಬಿಲ್‌ನಲ್ಲಿ ನಿಮಗೆ ಎಷ್ಟು ಲೋಡ್ ಮಂಜೂರಾಗಿದೆ ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ತ್ರೀ ಫೇಸ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಅದೇ 3 ಎಚ್‌ಪಿ ತ್ರೀ ಫೇಸ್ ಮೋಟಾರ್ 415 ವೋಲ್ಟ್‌ನಲ್ಲಿ ಫೇಸ್‌ಗೆ ನಾಲ್ಕೂವರೆ ಆಂಪಿಯರ್ ಅಷ್ಟೇ ಎಳೆಯುತ್ತದೆ. ಕೆಪಾಸಿಟರ್ ಸುಡುವ ತಲೆನೋವೂ ಇಲ್ಲ. ರೀವೈಂಡಿಂಗ್ ಮಾಡುವವರು ಪೀಣ್ಯದಲ್ಲಿ ಗಲ್ಲಿಗೊಬ್ಬರು ಇದ್ದಾರೆ.

ಮೋಟಾರ್ ಮೇಲಿನ ಪ್ಲೇಟ್ ಓದುವುದನ್ನು ಕಲಿಯಿರಿ. ಅದರಲ್ಲಿ ಎರಡು ಸಂಗತಿ ನೋಡಬೇಕು. ಒಂದು, ಲೆಕ್ಕ ಸರಿಯಿದೆಯಾ ಅಂತ. ಪ್ಲೇಟ್‌ನಲ್ಲಿ 3 ಎಚ್‌ಪಿ, 230 ವೋಲ್ಟ್, 8 ಆಂಪಿಯರ್ ಅಂತ ಇದೆ ಅಂದುಕೊಳ್ಳಿ. 230ನ್ನು 8ರಿಂದ ಗುಣಿಸಿದರೆ 1840 ವ್ಯಾಟ್. ಒಳಗೆ ಹೋಗುವುದೇ 1840 ಆದರೆ ಹೊರಗೆ 2200 ಹೇಗೆ ಬರುತ್ತದೆ? ಅಂಥ ಪ್ಲೇಟ್ ಕಂಡರೆ ಉಳಿದ ಸ್ಟಿಕ್ಕರ್‌ಗಳನ್ನೂ ನಂಬಬೇಡಿ.

ಎರಡನೆಯದು ಹರ್ಟ್ಜ್. ಇಲ್ಲಿ ನಾನೇ ಏಟು ತಿಂದಿದ್ದೇನೆ. ನನ್ನ ಮೊದಲ ಮೆಷಿನ್ ಸೆಕೆಂಡ್ ಹ್ಯಾಂಡ್, ಹೊರದೇಶದಿಂದ ಬಂದಿದ್ದು. ಮಾರಿದವರ ಹೆಸರು ಬೇಡ. "220 ವೋಲ್ಟ್ ಇದೆ ಸಾರ್, ನಮ್ಮ ಕರೆಂಟಿಗೆ ಆಗುತ್ತೆ" ಅಂದರು, ನಾನೂ ತಲೆಯಾಡಿಸಿದೆ. ಪ್ಲೇಟ್‌ನಲ್ಲಿ 60 ಹರ್ಟ್ಜ್ ಅಂತ ಇದ್ದಿದ್ದು ಆಮೇಲೆ ಕಣ್ಣಿಗೆ ಬಿತ್ತು. ನಮ್ಮದು 50. ಹಾಗಾದಾಗ 3450 ಸುತ್ತು ತಿರುಗಬೇಕಾದ ಮೋಟಾರ್ 2875ರ ಆಸುಪಾಸಿಗೆ ಇಳಿಯುತ್ತದೆ. ವೇಗ ಕಡಿಮೆ ಆಗಿದ್ದರೆ ಸಹಿಸಬಹುದಿತ್ತು. ಆದರೆ ಕಡಿಮೆ ಹರ್ಟ್ಜ್‌ನಲ್ಲಿ ಮೋಟಾರಿನ ಕೋರ್ ಜಾಸ್ತಿ ಕರೆಂಟ್ ಎಳೆದು ಕಾಯುತ್ತದೆ. ಹತ್ತು ನಿಮಿಷ ತೇಗ ಸೀಳಿದರೆ ಮೋಟಾರ್ ಮೇಲೆ ಕೈಯಿಡಲು ಆಗುತ್ತಿರಲಿಲ್ಲ. ಕೊನೆಗೆ ಮೋಟಾರನ್ನೇ ಬದಲಿಸಿದೆ. ಅದರ ಶಾಫ್ಟ್ ಅಳತೆ ಬೇರೆ, ಪುಲ್ಲಿ ಬೇರೆ, ಬೋಲ್ಟ್ ತೂತು ಬೇರೆ. ಅಗ್ಗಕ್ಕೆ ಬಂದಿದ್ದು ಅಗ್ಗವಾಗಿ ಉಳಿಯಲಿಲ್ಲ.

ಸ್ವಿಚ್ ಬಗ್ಗೆ ಒಂದೇ ಮಾತು. ಮ್ಯಾಗ್ನೆಟಿಕ್ ಸ್ವಿಚ್ ಅಥವಾ ಡಿಒಎಲ್ ಸ್ಟಾರ್ಟರ್ (ಕರೆಂಟ್ ಹೋದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದ ಮೆಷಿನ್ ತರಬೇಡಿ. ನಮ್ಮೂರಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ. ಹೋದಾಗ ನೀವು ಬ್ಲೇಡ್ ಹತ್ತಿರ ಸಿಕ್ಕಿಕೊಂಡ ಚೂರು ತೆಗೆಯುತ್ತಿರುತ್ತೀರಿ. ಬಂದಾಗ ಮೆಷಿನ್ ತಾನಾಗಿ ತಿರುಗಬಾರದು, ಅಲ್ವಾ?

ಜೇಬಿಗೆ ಏನು ಹಾಕಿಕೊಳ್ಳಬೇಕು

ಎಸ್‌ಜೆಪಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಎಲ್ಲವೂ ಸಿಗುತ್ತದೆ: ಒಂದು ಮೀಟರ್ ಉದ್ದದ ಒಳ್ಳೆ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಲೋಹದ ಪಟ್ಟಿ), ಫಿಲ್ಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು, ಸರಿಯಾದ ಹೆಸರು ಫೀಲರ್ ಗೇಜ್), ಮ್ಯಾಗ್ನೆಟಿಕ್ ಸ್ಟ್ಯಾಂಡ್ ಜೊತೆ ಡಯಲ್ ಗೇಜ್ (ಕೂದಲೆಳೆಯ ವ್ಯತ್ಯಾಸವನ್ನೂ ತೋರಿಸುವ ಅಳತೆ ಸಾಧನ), ಒಂದು ಮೂಲೆಮಟ್ಟ. ಜೊತೆಗೆ ಟಾರ್ಚ್, ಮಾರ್ಕರ್ ಪೆನ್, 5 ರೂಪಾಯಿ ನಾಣ್ಯ. ಫಿಲ್ಲರ್ ಗೇಜ್ ಮರೆತರೆ ಒಂದು ಎ4 ಹಾಳೆ ಸಾಕು, ಅದರ ದಪ್ಪ ಸುಮಾರು 0.1 ಮಿ.ಮೀ. ಇರುತ್ತದೆ.

ಅಂಗಡಿಯಲ್ಲಿ ಅಳೆಯಲು ಬಿಡಲ್ಲ ಅಂದರೆ ಸುಮ್ನೆ ವಾದ ಮಾಡಬೇಡಿ. ಟೀ ಕುಡಿದು ವಾಪಸ್ ಬನ್ನಿ. ಮಾಲಿನ ಮೇಲೆ ನಂಬಿಕೆ ಇರುವ ಅಂಗಡಿಯವರು ತಾವೇ ಒರೆಸಿ ಕೊಡುತ್ತಾರೆ.

ಟೇಬಲ್

ಬೀಡಿನ ಟೇಬಲ್ ಯಾಕೆ ಅಂದರೆ ಅದು ಭಾರ, ಅದುರುವಿಕೆಯನ್ನು ನುಂಗುತ್ತದೆ, ಬೇಗ ಸವೆಯುವುದಿಲ್ಲ. ಆದರೆ ಬೀಡು ಅಚ್ಚಿನಿಂದ ಬಂದಾಗ ಒಳಗೆ ಬಿಗಿತ ಇಟ್ಟುಕೊಂಡಿರುತ್ತದೆ. ತೆಳ್ಳಗಿನ ಪಕ್ಕೆಗಳು ಬೇಗ ತಣಿಯುತ್ತವೆ, ದಪ್ಪ ಜಾಗ ನಿಧಾನವಾಗಿ ತಣಿಯುತ್ತದೆ. ಒಂದು ಇನ್ನೊಂದನ್ನು ಎಳೆದು ಹಿಡಿದಿರುತ್ತದೆ. ಮೇಲ್ಮೈಯನ್ನು ಮೆಷಿನಿಂಗ್ ಮಾಡಿ ಒಂದು ಪದರ ತೆಗೆದ ಕೂಡಲೇ ಆ ಹಿಡಿತ ಸಡಿಲವಾಗಿ ಟೇಬಲ್ ನಿಧಾನವಾಗಿ ತಿರುಚಿಕೊಳ್ಳುತ್ತದೆ. ಹಿಂದೆ ಕಾಸ್ಟಿಂಗ್‌ಗಳನ್ನು ಅಂಗಳದಲ್ಲಿ ಮಳೆ ಬಿಸಿಲಿಗೆ ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಮೆಷಿನಿಂಗ್ ಮಾಡುತ್ತಿದ್ದರು. ಈಗ ಕುಲುಮೆಯಲ್ಲಿ 500ರಿಂದ 600 ಡಿಗ್ರಿ ತನಕ ಕಾಯಿಸಿ ನಿಧಾನವಾಗಿ ಆರಿಸುತ್ತಾರೆ. ಕೆಲಸ ಅದೇ, ಕಾಲ ಕಡಿಮೆ. ಆದರೆ ಬೆಲೆ ಇಳಿಸಬೇಕು ಅಂದಾಗ ಕೆಲವರು ಮೊದಲು ಬಿಡುವುದೂ ಇದನ್ನೇ. ಯಾಕೆಂದರೆ ಅಂಗಡಿಯಲ್ಲಿ ಇದು ಕಾಣುವುದಿಲ್ಲ, ಆರು ತಿಂಗಳ ನಂತರ ಕಾಣುತ್ತದೆ.

ಹಾಗಾಗಿ ಸ್ಟ್ರೇಟ್ ಎಡ್ಜ್ ಹೀಗೆ ಇಡಿ: ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಯಿಂದ ಮೂಲೆಗೆ. ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ನುಸುಳಿದ ಕಡೆ ಫಿಲ್ಲರ್ ಗೇಜ್ ಹಾಕಿ ನೋಡಿ. ಬ್ಲೇಡ್ ಸುತ್ತಮುತ್ತ ಮತ್ತು ಫೆನ್ಸ್ (ಮರ ನೇರವಾಗಿ ಸಾಗಲು ಒರಗುವ ಪಟ್ಟಿ) ಓಡಾಡುವ ಜಾಗದಲ್ಲಿ 0.1 ಮಿ.ಮೀ. ಒಳಗಿದ್ದರೆ ಚೆನ್ನಾಗಿದೆ. ದೂರದ ಮೂಲೆಯಲ್ಲಿ 0.2 ಇದ್ದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಗುಂಡಿಗಿಂತ ಉಬ್ಬು ಕೆಟ್ಟದ್ದು. ಉಬ್ಬಿದ್ದರೆ ಹಲಗೆ ಅದರ ಮೇಲೆ ತಕ್ಕಡಿಯ ಹಾಗೆ ಆಡುತ್ತದೆ.

ಇದು ಸರಿಮಾಡಲಾಗದ ತಪ್ಪು. ನಡುವಿನ ಟೇಬಲ್ ಸೊಟ್ಟಗಿದ್ದರೆ ಗ್ರೈಂಡಿಂಗ್‌ಗೆ ಕಳಿಸಬೇಕು, ಅಷ್ಟರಲ್ಲಿ ಮೆಷಿನ್ ಬಿಚ್ಚಿ ಹರಡಿರುತ್ತದೆ. ಎಡಬಲದ ರೆಕ್ಕೆಗಳು ತಗ್ಗಿದ್ದರೆ ಚಿಂತೆ ಬೇಡ, ಬೋಲ್ಟ್ ಸಡಿಲಿಸಿ ಕಾಗದ ಕೊಟ್ಟು ಎತ್ತಬಹುದು.

ಕನ್ನಡಿಯ ಹಾಗೆ ಹೊಳೆಯುವ ಟೇಬಲ್ ನೋಡಿ ಮರುಳಾಗಬೇಡಿ. ಹೊಳಪಿಗೂ ಸಮತಟ್ಟಿಗೂ ಸಂಬಂಧವಿಲ್ಲ. ಸಣ್ಣ ಗ್ರೈಂಡಿಂಗ್ ಗೆರೆ ಕಾಣುವ ಮಂದ ಟೇಬಲ್ ಎಷ್ಟೋ ಸಲ ನೇರವಾಗಿರುತ್ತದೆ.

ಹೊಟ್ಟೆಯೊಳಗೆ

ಮಾವ ತಲೆ ತೂರಿಸಿ ಹುಡುಕಿದ್ದು ಟ್ರನಿಯನ್. ಅರ್ಧಚಂದ್ರದ ಆಕಾರದ ಎರಡು ದಪ್ಪ ಬೀಡಿನ ತುಂಡು. ಬ್ಲೇಡ್, ಆರ್ಬರ್ (ಬ್ಲೇಡ್ ಕೂರುವ ಶಾಫ್ಟ್), ಮೋಟಾರ್ ಎಲ್ಲ ಸೇರಿ ಇದರ ಮೇಲೆ ಜೋಲಿಯ ಹಾಗೆ ಕೂತು ಓರೆಯಾಗುತ್ತವೆ. ನಿಜವಾದ ಕ್ಯಾಬಿನೆಟ್ ಸಾದಲ್ಲಿ ಟ್ರನಿಯನ್ ಕೆಳಗಿನ ಪೆಟ್ಟಿಗೆಗೆ ಬೋಲ್ಟ್ ಆಗಿರುತ್ತದೆ. ಟೇಬಲ್ ಬರೀ ಮುಚ್ಚಳ. ಅಗ್ಗದ ಮೆಷಿನ್‌ನಲ್ಲಿ ಟ್ರನಿಯನ್ ಟೇಬಲ್‌ನ ತಳಕ್ಕೆ ನೇತಾಡುತ್ತದೆ. ಸುತ್ತ ತಗಡಿನ ಪೆಟ್ಟಿಗೆ ಮುಚ್ಚಿಬಿಟ್ಟರೆ ಹೊರಗಿನಿಂದ ಎರಡೂ ಒಂದೇ. ಹಾಗಾಗಿ ಪೆಟ್ಟಿಗೆ ಇರುವುದೆಲ್ಲ ಕ್ಯಾಬಿನೆಟ್ ಸಾ ಅಂತ ಮಾರುತ್ತಾರೆ.

ವ್ಯತ್ಯಾಸ ಏನಾಯಿತು ಅಂತ ಕೇಳಬಹುದು. ಬ್ಲೇಡ್ ಟೇಬಲ್ ಮೇಲಿನ ಸೀಳಿಗೆ, ಅಂದರೆ ಮೈಟರ್ ಗೇಜ್ (ಮರವನ್ನು ಬೇಕಾದ ಕೋನದಲ್ಲಿ ಹಿಡಿದು ತಳ್ಳುವ ಸಾಧನ) ಓಡುವ ಕಾಲುವೆಗೆ, ಸಮಾನಾಂತರ ಇರಬೇಕು. ಇಲ್ಲದಿದ್ದರೆ ಬ್ಲೇಡ್‌ನ ಹಿಂಭಾಗ ಮರವನ್ನು ಉಜ್ಜುತ್ತದೆ. ಮರ ಸುಟ್ಟು ಕಪ್ಪಾಗುತ್ತದೆ, ಇಲ್ಲವೇ ನಿಮ್ಮ ಹೊಟ್ಟೆಗೆ ಹಾರಿ ಬರುತ್ತದೆ. ಟ್ರನಿಯನ್ ಪೆಟ್ಟಿಗೆಗೆ ಕೂತಿದ್ದರೆ ಟೇಬಲ್‌ನ ಮೂರು ನಾಲ್ಕು ಬೋಲ್ಟ್ ಸಡಿಲಿಸಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಆಯಿತು. ಟೇಬಲ್‌ಗೆ ನೇತಾಡುತ್ತಿದ್ದರೆ ನೆಲದ ಮೇಲೆ ಮಲಗಿ, ಮರದ ಪುಡಿ ಕಣ್ಣಿಗೆ ಬೀಳಿಸಿಕೊಂಡು, ಒಂದು ಬೋಲ್ಟ್ ಬಿಗಿ ಮಾಡುವಷ್ಟರಲ್ಲಿ ಇನ್ನೊಂದು ಜರುಗುತ್ತದೆ.

ಅಳೆಯುವ ವಿಧಾನ ಇಷ್ಟು. ಪ್ಲಗ್ ತೆಗೆಯಿರಿ. ಬ್ಲೇಡ್ ಪೂರ್ತಿ ಎತ್ತಿ. ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಆ ಹಲ್ಲನ್ನು ಮುಂದಕ್ಕೆ ತಂದು, ಸೀಳಿನಲ್ಲಿ ಜಾರುವ ಡಯಲ್‌ನಿಂದ ಅಳೆಯಿರಿ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ, ಡಯಲ್ ಜಾರಿಸಿ, ಮತ್ತೆ ಅಳೆಯಿರಿ. ಒಂದೇ ಹಲ್ಲು ಯಾಕೆ ಅಂದರೆ ಬ್ಲೇಡ್ ಸ್ವಲ್ಪ ಸೊಟ್ಟಗಿದ್ದರೂ ಲೆಕ್ಕ ಕೆಡಬಾರದು ಅಂತ. ವ್ಯತ್ಯಾಸ 0.1 ಒಳಗಿರಬೇಕು. ನಾನು 0.05ಕ್ಕೆ ತಂದು ನಿಲ್ಲಿಸುತ್ತೇನೆ.

ಈಗ ಯಾರೂ ಮಾಡದ ಪರೀಕ್ಷೆ. ಬ್ಲೇಡನ್ನು 45 ಡಿಗ್ರಿಗೆ ಓರೆ ಮಾಡಿ ಇದೇ ಅಳತೆ ಮತ್ತೊಮ್ಮೆ ಮಾಡಿ. ಅಂಗಡಿಯಲ್ಲಿ ಎಲ್ಲರೂ ಬ್ಲೇಡ್ ನೇರ ಇಟ್ಟು ತೋರಿಸುತ್ತಾರೆ, ನೋಡುವವರೂ ಅಷ್ಟಕ್ಕೇ ಖುಷಿ. ನನ್ನ ಈಗಿನ ಮೆಷಿನ್ ನೇರ ಕೊಯ್ತದಲ್ಲಿ ಬೆಣ್ಣೆ. ಆದರೆ ಒಂದು ದೇವರ ಮಂಟಪದ ಚೌಕಟ್ಟಿಗೆ ತೇಗದ ಪಟ್ಟಿ 45 ಡಿಗ್ರಿಗೆ ಕೊಯ್ದಾಗ ಮೂಲೆಗಳು ಕೂಡಲೇ ಇಲ್ಲ. ಅಂಚಿನಲ್ಲಿ ಸುಟ್ಟ ಗುರುತು ಬೇರೆ. ಎರಡು ವಾರ ಮರಕ್ಕೆ ಬೈದೆ, ಬ್ಲೇಡ್‌ಗೆ ಬೈದೆ, ಹೊಸ ಬ್ಲೇಡ್ ತಂದೆ. ಮಾವ ಬಂದು ಡಯಲ್ ಇಟ್ಟರು. ನೇರ ಇದ್ದಾಗ 0.04. ಓರೆಯಾದಾಗ 0.4. ಹತ್ತು ಪಟ್ಟು!

ಟೇಬಲ್‌ನ ಮಟ್ಟವೂ ಟ್ರನಿಯನ್ ತಿರುಗುವ ಅಕ್ಷವೂ ಒಂದಕ್ಕೊಂದು ಹೊಂದದೇ ಇದ್ದರೆ ಹೀಗಾಗುತ್ತದೆ. ಟೇಬಲ್ ಮುಂದಕ್ಕೋ ಹಿಂದಕ್ಕೋ ಕೂದಲಷ್ಟು ವಾಲಿರುತ್ತದೆ. ನೇರ ಬ್ಲೇಡ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ. ಮಾವ ನಮ್ಮ ಹುಡುಗ ಕುಡಿದು ಬಿಸಾಕಿದ್ದ ಕೂಲ್‌ಡ್ರಿಂಕ್ ಕ್ಯಾನ್ ಎತ್ತಿಕೊಂಡು ಕತ್ತರಿಯಲ್ಲಿ ಸಣ್ಣ ಚೌಕ ಕತ್ತರಿಸಿದರು. ಅದರ ತಗಡು ಸುಮಾರು 0.1 ಮಿ.ಮೀ. ಇರುತ್ತದೆ. ಹಿಂದಿನ ಎರಡು ಬೋಲ್ಟ್ ಕೆಳಗೆ ಒಂದರ ಮೇಲೊಂದು ಚೌಕ ಕೊಟ್ಟು ಬಿಗಿ ಮಾಡಿದರು. ಮತ್ತೆ ಅಳತೆ. ಮತ್ತೆ ಚೌಕ. ಮಧ್ಯಾಹ್ನ ಊಟದ ಹೊತ್ತಿಗೆ 0.06ಕ್ಕೆ ಬಂತು. ಎರಡು ವಾರದ ಬೈಗುಳಕ್ಕೆ ಒಂದು ಖಾಲಿ ಕ್ಯಾನ್ ಉತ್ತರ ಕೊಟ್ಟಿತು. ನಿಮ್ಮ ಮೆಷಿನ್‌ನಲ್ಲಿ ಇಂಥ ಶಿಮ್ (ಎತ್ತರಿಸಲು ಕೊಡುವ ತೆಳು ತಗಡು) ಮುಂದೆ ಬೇಕೋ ಹಿಂದೆ ಬೇಕೋ ಅಂತ ಕೊಟ್ಟು ನೋಡಿಯೇ ಗೊತ್ತಾಗಬೇಕು. ಅಂತೂ ಇದು ಸರಿಮಾಡಬಹುದಾದ ತಪ್ಪು. ಗೊತ್ತಿದ್ದರೆ ಬೆಲೆ ಇಳಿಸಲು ಒಳ್ಳೆ ಕಾರಣ ಕೂಡ.

ಆರ್ಬರ್ ಮತ್ತು ಬೇರಿಂಗ್

ಬ್ಲೇಡ್ ಬಿಚ್ಚಿಸಿ. ಡಯಲ್‌ನ ಮುಳ್ಳನ್ನು ಆರ್ಬರ್‌ನ ಫ್ಲ್ಯಾಂಜ್ (ಬ್ಲೇಡ್ ಒರಗುವ ದುಂಡು ತಟ್ಟೆ) ಮುಖಕ್ಕೆ ತಾಗಿಸಿ, ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. 0.02 ಒಳಗಿದ್ದರೆ ಒಳ್ಳೆಯದು. ಇಷ್ಟು ಸಣ್ಣ ಸಂಖ್ಯೆಗೆ ಯಾಕೆ ಇಷ್ಟು ಗಲಾಟೆ ಅಂದರೆ, ಫ್ಲ್ಯಾಂಜ್ ಅಗಲ 60 ಮಿ.ಮೀ., ಬ್ಲೇಡ್ 254. ಫ್ಲ್ಯಾಂಜ್‌ನಲ್ಲಿ 0.02 ಇದ್ದರೆ ಹಲ್ಲಿನ ತುದಿಗೆ ಹೋಗುವಾಗ ನಾಲ್ಕು ಪಟ್ಟು ಆಗಿರುತ್ತದೆ. ಆರ್ಬರ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಅಲ್ಲಿಗೇ ಕೈ ಮುಗಿಯಿರಿ. ಬೇರಿಂಗ್ ಬದಲಿಸಬಹುದು. ಆದರೆ ಹೊಸ ಮೆಷಿನ್‌ನಲ್ಲೇ ಆಟ ಇದೆ ಅಂದರೆ ಬೇರಿಂಗ್ ಕೂರುವ ತೂತೇ ದೊಡ್ಡದಾಗಿರಬಹುದು.

ಆಮೇಲೆ ಆನ್ ಮಾಡಿಸಿ. ಟೇಬಲ್ ಮೇಲೆ 5 ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ, ಬ್ಲೇಡ್‌ನಿಂದ ದೂರದಲ್ಲಿ. ಮೋಟಾರ್ ಏರುವಾಗ, ಓಡುವಾಗ, ನಿಲ್ಲುವಾಗ ನಾಣ್ಯ ಬೀಳದಿದ್ದರೆ ಬೆಲ್ಟ್, ಪುಲ್ಲಿ, ಆರ್ಬರ್ ಎಲ್ಲ ಒಪ್ಪಂದದಲ್ಲಿವೆ ಅಂತ. ಬಿದ್ದರೆ ತಕ್ಷಣ ಮೆಷಿನ್ ಕೆಟ್ಟದ್ದು ಅನ್ನಬೇಡಿ. ಮೊದಲು ಬೆಲ್ಟ್ ನೋಡಿ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ವಿ-ಬೆಲ್ಟ್ ಪುಲ್ಲಿಯ ಆಕಾರಕ್ಕೆ ಗಡುಸಾಗಿ ಕುಣಿಯುತ್ತದೆ. ಉದ್ದುದ್ದ ಗೆರೆಯ ಪಾಲಿ-ವಿ ಬೆಲ್ಟ್‌ನಲ್ಲಿ ಈ ಕಾಟ ಕಡಿಮೆ.

ಎರಡೂ ಹ್ಯಾಂಡ್‌ವೀಲ್‌ಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಂದೇ ಹದದಲ್ಲಿ ತಿರುಗಬೇಕು. ಮಧ್ಯೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅನ್ನಿಸಿದರೆ ಒಳಗಿನ ಗೇರ್ ಹಲ್ಲುಗಳನ್ನು ಒಂದೇ ಸಮ ಕೊಯ್ದಿಲ್ಲ.

ಈಗಿನ ತಯಾರಿಕೆ ಬಗ್ಗೆ

"ಹಳೇ ಮೆಷಿನ್ನೇ ಮೆಷಿನ್ನು, ಈಗಿನದೆಲ್ಲ ಡಬ್ಬಾ" ಅನ್ನುವವರು ಪ್ರತಿ ಟೀ ಅಂಗಡಿಯಲ್ಲೂ ಇದ್ದಾರೆ. ಮಾವನವರೂ ಹಾಗೇ ಅನ್ನಬೇಕಿತ್ತು, 1953ರಲ್ಲಿ ಶುರುವಾದ ಎಚ್‌ಎಂಟಿಯ ಲೇತ್‌ಗಳು ಇನ್ನೂ ಎಷ್ಟೋ ಗ್ಯಾರೇಜ್‌ನಲ್ಲಿ ತಿರುಗುತ್ತಿವೆಯಲ್ಲ. ಆದರೆ ಅವರು ಅನ್ನುವುದಿಲ್ಲ. ಅವರ ಪ್ರಕಾರ ಈಗಿನ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್ ಕೊರೆಯುವ ಬೇರಿಂಗ್ ತೂತು ತಮ್ಮ ಕಾಲದ ಸರಾಸರಿ ಕೈಗಿಂತ ಒಂದೇ ಸಮ ಇರುತ್ತದೆ. ಕಡಿಮೆ ಆಗಿರುವುದು ಎರಡು: ಬೀಡಿನ ತೂಕ, ಮತ್ತು ಕೊನೆಯಲ್ಲಿ ನಿಂತು ನೋಡುವ ಮನುಷ್ಯ.

ದೇಶದ ಹೆಸರಿಗೂ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಒಂದೇ ಕಾರ್ಖಾನೆ ಹಲವು ಬ್ರ್ಯಾಂಡ್‌ಗಳಿಗೆ ಮಾಡಿ ಕೊಡುವುದು ಈ ಉದ್ಯಮದಲ್ಲಿ ಮಾಮೂಲು. ನಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಒಂದೇ ಸಾಲಿನಲ್ಲಿ ಹೊಲಿದ ಶರ್ಟಿಗೆ ಬೇರೆ ಬೇರೆ ಲೇಬಲ್ ಬೀಳುತ್ತದಲ್ಲ, ಹಾಗೆ. ಲೇಬಲ್ ಹಾಕಿಸುವವರು ಯಾವ ಗುಂಡಿ, ಯಾವ ದಾರ ಅಂತ ಬರೆದುಕೊಟ್ಟಿರುತ್ತಾರೆ. ಎಷ್ಟು ಪೀಸ್ ತಿರಸ್ಕರಿಸಬಹುದು ಅಂತಲೂ ಮಾತಾಗಿರುತ್ತದೆ. ಮೆಷಿನ್‌ನಲ್ಲಿ ಆ ಗುಂಡಿ ಮತ್ತು ದಾರ ಎಲ್ಲಿರುತ್ತವೆ ಅಂತ ನೋಡಬೇಕು.

ನಾನು ನೋಡುವುದು ಕಾಣದ ಜಾಗಗಳನ್ನು. ಟೇಬಲ್‌ನ ತಳಕ್ಕೆ ಕೈ ಹಾಕಿ. ಮೂಲೆಗಳಲ್ಲಿ ಅಚ್ಚಿನ ಮರಳು ಉದುರಿದರೆ ಫೌಂಡ್ರಿಯವರು ಸರಿಯಾಗಿ ತೊಳೆದಿಲ್ಲ. ಆ ಮರಳು ಮುಂದೆ ಗೇರ್‌ಗೆ ಬೀಳುತ್ತದೆ. ಬಣ್ಣದ ಕೆಳಗೆ ಪುಟ್ಟಿ ಬಳಿದಿದ್ದರೆ ಉಗುರಿನಿಂದ ಒತ್ತಿದಾಗ ಗೊತ್ತಾಗುತ್ತದೆ. ತೋರಿಕೆಗೆ ಬಳಿದಿದ್ದರೆ ಪರವಾಗಿಲ್ಲ, ಆದರೆ ಬೋಲ್ಟ್ ಕೂರುವ ಜಾಗದಲ್ಲಿ ಪುಟ್ಟಿ ಇರಬಾರದು. ಬೋಲ್ಟ್ ತಲೆಯ ಮೇಲೆ ಗಟ್ಟಿತನದ ದರ್ಜೆ 8.8 ಅಂತ ಅಚ್ಚು ಇದೆಯಾ? ಬೇರಿಂಗ್ ಸೀಲ್ ಮೇಲೆ ತಯಾರಕರ ಹೆಸರು, ನಂಬರ್ ಇದೆಯಾ? ಸ್ವಿಚ್ ಡಬ್ಬಿ ತೆಗೆಸಿ ನೋಡಿ. ವೈರ್ ತುದಿಗೆ ಲಗ್ ಹಾಕಿ ಕೂರಿಸಿದ್ದಾರಾ, ಇಲ್ಲ ಎಳೆಗಳನ್ನು ಸುಮ್ನೆ ತಿರುಚಿ ಸ್ಕ್ರೂ ಬಿಗಿದಿದ್ದಾರಾ? ಅರ್ಥ್ ವೈರ್ ಬಣ್ಣದ ಮೇಲೆ ಕೂತಿದೆಯಾ, ಬರೀ ಲೋಹದ ಮೇಲೆ ಕೂತಿದೆಯಾ? ಸ್ವಿಚ್ ಡಬ್ಬಿಯಲ್ಲಿ ಅಚ್ಚುಕಟ್ಟು ಇದ್ದರೆ ಉಳಿದ ಕಡೆಯೂ ಯಾರೋ ಒಬ್ಬರು ನಿಂತು ನೋಡಿದ್ದಾರೆ ಅಂತ ನಾನು ನಂಬುತ್ತೇನೆ.

ಕೊನೆಗೆ ಮ್ಯಾನ್ಯುಯಲ್ ಕೇಳಿ. ಪ್ರತಿ ಬಿಡಿಭಾಗ ಬಿಚ್ಚಿ ತೋರಿಸುವ ಚಿತ್ರ, ಪಕ್ಕದಲ್ಲಿ ಪಾರ್ಟ್ ನಂಬರ್ ಇದ್ದರೆ ಆ ಕಂಪನಿ ಹತ್ತು ವರ್ಷದ ನಂತರವೂ ಬಿಡಿಭಾಗ ಮಾರುವ ಯೋಚನೆಯಲ್ಲಿದೆ. ನಾಲ್ಕು ಪುಟದ ಮಸುಕು ಜೆರಾಕ್ಸ್ ಕೊಟ್ಟರೆ, ಮಾರಿ ಕೈ ತೊಳೆದುಕೊಳ್ಳುವ ಯೋಚನೆಯಲ್ಲಿದೆ.

ಫೆನ್ಸ್, ರೈವಿಂಗ್ ನೈಫ್, ಬ್ಲೇಡ್

ಫೆನ್ಸ್ ಕೆಟ್ಟದಿದ್ದರೆ ಬದಲಿಸಬಹುದು, ಹಾಗಾಗಿ ಇದಕ್ಕೆ ಜಾಸ್ತಿ ಹೊತ್ತು ಬೇಡ. ಬಿಗಿ ಮಾಡಿ ತುದಿಯನ್ನು ಪಕ್ಕಕ್ಕೆ ತಳ್ಳಿ. ಜರುಗಬಾರದು. ಹತ್ತು ಸಲ ಬಿಚ್ಚಿ ಬಿಗಿದರೂ ಒಂದೇ ಅಳತೆಗೆ ಬರಬೇಕು. ಅಷ್ಟೇ.

ರೈವಿಂಗ್ ನೈಫ್ ಮಾತ್ರ ಕಡ್ಡಾಯ. ಬ್ಲೇಡ್‌ನ ಹಿಂದೆ ನಿಲ್ಲುವ ಬಾಗಿದ ತಗಡು. ಬ್ಲೇಡ್ ಜೊತೆಗೇ ಏರಿ ಇಳಿಯುತ್ತದೆ, ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಕಚ್ಚದಂತೆ ತಡೆಯುತ್ತದೆ. ಹಳೆಯ ಭಾರೀ ಮೆಷಿನ್‌ಗಳ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಹೊಸದಾಗಿ ಕಲಿಯುವವರಿಗೆ ಅವನ್ನು ಹೇಳದೇ ಇರುವುದು ಇದೊಂದೇ ಕಾರಣಕ್ಕೆ: ಹೆಚ್ಚಿನವುಗಳಲ್ಲಿ ರೈವಿಂಗ್ ನೈಫ್ ಇಲ್ಲ. ಇದರ ದಪ್ಪ ಬ್ಲೇಡ್‌ನ ತಗಡಿಗಿಂತ ಹೆಚ್ಚು, ಕೊಯ್ತದ ಅಗಲಕ್ಕಿಂತ ಕಡಿಮೆ ಇರಬೇಕು. ಬ್ಲೇಡ್ ತಗಡು 2.2, ಹಲ್ಲು 3.2 ಆದರೆ ನೈಫ್ 2.5ರಿಂದ 2.8. ತೆಳು ಬ್ಲೇಡ್ ತಂದು ದಪ್ಪ ನೈಫ್ ಬಿಟ್ಟರೆ ಮರ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ.

ಬೆರಳು ತಾಗಿದರೆ ನಿಲ್ಲುವ ಸಾ ಇದೆ. 1999ರಲ್ಲಿ ಸ್ಟೀವ್ ಗ್ಯಾಸ್ ಕಂಡುಹಿಡಿದಿದ್ದು, ಸಾಸ್ಟಾಪ್ ಹೆಸರಿನಲ್ಲಿ 2004ರಿಂದ ಮಾರಾಟವಾಗುತ್ತಿದೆ. ಬ್ಲೇಡ್‌ನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮೈ ತಾಗಿದಾಗ ಅದು ಬದಲಾಗಿ, ಅಲ್ಯೂಮಿನಿಯಂ ತುಂಡೊಂದು ಸುಮಾರು 5 ಮಿಲಿಸೆಕೆಂಡ್‌ನಲ್ಲಿ ಬ್ಲೇಡನ್ನು ಕಚ್ಚಿ ನಿಲ್ಲಿಸುತ್ತದೆ. ಹಣ ಇದ್ದರೆ ಕೊಳ್ಳಿ, ಬೆರಳಿಗಿಂತ ದುಬಾರಿ ಅಲ್ಲ. ಆದರೆ ಒಂದು ಸಲ ಕಚ್ಚಿದರೆ ಆ ಕಾರ್ಟ್ರಿಜ್ ಮುಗಿಯಿತು, ಸಾಮಾನ್ಯವಾಗಿ ಬ್ಲೇಡ್ ಕೂಡ. ಹಸಿ ಮರ, ಒಳಗೆ ಉಳಿದ ಮೊಳೆ ಕೂಡ ಅದನ್ನು ಕೆರಳಿಸಬಹುದು. ಕಾರ್ಟ್ರಿಜ್ ಬೆಂಗಳೂರಿನಲ್ಲಿ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಅಂತ ಮಾರುವವರಿಂದ ಬರೆಸಿಕೊಳ್ಳಿ.

ಆರ್ಬರ್‌ನ ದಪ್ಪ ಕೇಳುವುದನ್ನು ಮರೆಯಬೇಡಿ. ಅಮೆರಿಕದ ಮಾದರಿಯಲ್ಲಿ 10 ಇಂಚಿನ ಬ್ಲೇಡ್‌ನ ತೂತು 15.875 ಮಿ.ಮೀ. ನಮ್ಮಲ್ಲಿ ಸುಲಭವಾಗಿ ಸಿಗುವ ಬ್ಲೇಡ್‌ಗಳು 25.4 ಮತ್ತು 30. ಆರ್ಬರ್ 30 ಇದ್ದರೆ ಜೀವನ ಸಲೀಸು. ಬ್ಲೇಡ್ ಹರಿತ ಮಾಡಿಸುವವರು, ಬೇರೆ ಕಂಪನಿಯ ಬ್ಲೇಡ್ ಎಲ್ಲವೂ ಕೈಗೆ ಸಿಗುತ್ತವೆ.

ಎಲ್ಲಿ ನೋಡಬೇಕು, ಹೇಗೆ ತರಬೇಕು

ಎರಡು ವರ್ಷಕ್ಕೊಮ್ಮೆ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಂಡಿಯಾವುಡ್ ಅನ್ನುವ ಮರಗೆಲಸದ ಪ್ರದರ್ಶನ ನಡೆಯುತ್ತದೆ. 2024ರ ನವೆಂಬರ್‌ನಿಂದ ಹಸಿರು ಮೆಟ್ರೊ ಮಾದಾವರದ ತನಕ ಹೋಗುತ್ತದೆ, ಪಾರ್ಕಿಂಗ್ ಜಗಳ ಇಲ್ಲ. ಹತ್ತಾರು ಮೆಷಿನ್‌ಗಳನ್ನು ಪಕ್ಕಪಕ್ಕದಲ್ಲಿ ತಿರುಗಿಸಿ ನೋಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಅಲ್ಲಿಟ್ಟಿರುವುದು ಮದುವೆ ಹೆಣ್ಣಿನ ಹಾಗೆ ಸಿಂಗರಿಸಿದ್ದು. ನಿಮಗೆ ಬರುವುದು ಗೋಡೌನ್‌ನ ಪೆಟ್ಟಿಗೆಯಲ್ಲಿರುವುದು. ಆ ಮಾಡೆಲ್ ಎರಡು ವರ್ಷ ಬಳಸಿದವರ ಕಾರ್ಖಾನೆಗೆ ಒಂದು ಸಲ ಹೋಗಿ ಬನ್ನಿ. ಮರಗೆಲಸದ ಮೆಷಿನ್ ಮೇಲೆ ಕೈ ಪಳಗಿಸಿಕೊಳ್ಳಬೇಕು ಅನ್ನುವವರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತರಬೇತಿ ಕೇಂದ್ರದಲ್ಲಿ ವಿಚಾರಿಸಬಹುದು.

ಇಟ್ಟ ಹಣವನ್ನೆಲ್ಲ ಮೆಷಿನ್‌ಗೇ ಸುರಿಯಬೇಡಿ. ಕಾಲು ಭಾಗ ಪಕ್ಕಕ್ಕಿಡಿ. ಎರಡು ಒಳ್ಳೆ ಬ್ಲೇಡ್, ವೈರಿಂಗ್, ಡಸ್ಟ್ ಕಲೆಕ್ಟರ್‌ಗೆ ಅದು ಖರ್ಚಾಗುತ್ತದೆ.

ಮೆಷಿನ್ 200 ಕೆ.ಜಿ. ದಾಟಿರುತ್ತದೆ. ಟಾಟಾ ಏಸ್‌ನಲ್ಲಿ ಬರುತ್ತದೆ, ಇಳಿಸಲು ನಾಲ್ಕು ಜನ ಬೇಕು. ಟೇಬಲ್ ಅಂಚು ಹಿಡಿದು ಎತ್ತಲು ಬಿಡಬೇಡಿ, ಫೆನ್ಸ್ ರೈಲ್ ಹಿಡಿದಂತೂ ಬೇಡವೇ ಬೇಡ. ಪಟ್ಟಿ ಕಟ್ಟಿ ಪೆಟ್ಟಿಗೆಯ ಕೆಳಗಿನಿಂದ ಎತ್ತಲಿ. ಇಳಿದ ಕೂಡಲೇ ಚಾಲಕ ಚಲನ್ ಚಾಚುತ್ತಾನೆ, ಬೇಗ ಸಹಿ ಹಾಕಿ ಸಾರ್ ಅನ್ನುತ್ತಾನೆ. ಅವನಿಗೆ ಕಾಫಿ ಕೊಡಿಸಿ. ಆ ಹತ್ತು ನಿಮಿಷದಲ್ಲಿ ಸೀಮೆಎಣ್ಣೆ ಬಟ್ಟೆಯಿಂದ ಟೇಬಲ್‌ನ ಗ್ರೀಸ್ ಒರೆಸಿ, ಸ್ಟ್ರೇಟ್ ಎಡ್ಜ್ ಎರಡು ಮೂಲೆಗೂ ಇಟ್ಟು ನೋಡಿ, ಆರ್ಬರ್ ಅಲ್ಲಾಡಿಸಿ, ಮೋಟಾರ್ ಪ್ಲೇಟ್‌ನ ಫೋಟೊ ತೆಗೆಯಿರಿ. ಏನಾದರೂ ಕಂಡರೆ ಚಲನ್‌ನಲ್ಲಿ ಸಹಿಯ ಮೇಲ್ಗಡೆಯೇ ಬರೆಯಿರಿ. ಬೋಲ್ಟ್‌ನಿಂದ ಸರಿಯಾಗುವುದೆಲ್ಲ ನಾಳೆ ನೋಡಿಕೊಂಡರಾಯಿತು. ಗ್ರೀಸ್ ಹೋದ ಟೇಬಲ್‌ಗೆ ಮಾತ್ರ ಅವತ್ತೇ ಸಂಜೆ ಪೇಸ್ಟ್ ವ್ಯಾಕ್ಸ್ ಹಚ್ಚಿ. ಮಳೆಗಾಲದಲ್ಲಿ ಒಂದು ಒದ್ದೆ ಟೀ ಲೋಟ ರಾತ್ರಿಯಿಡೀ ಕೂತರೆ ಬೆಳಿಗ್ಗೆ ಬೀಡಿನ ಮೇಲೆ ಕೆಂಪು ಬಳೆ ಬಿದ್ದಿರುತ್ತದೆ. ನನ್ನ ಟೇಬಲ್ ಮೇಲೆ ಅಂಥದ್ದು ಮೂರಿವೆ.